ಡಾ. ಹೋಮಿ ಜಹಾಂಗೀರ್ ಭಾಭಾ (1909–1966)

ಭಾರತದ ಪರಮಾಣು ಶಕ್ತಿ ಕಾರ್ಯಕ್ರಮದ ಸ್ಥಾಪಕರಾದ ಡಾ. ಹೋಮಿ ಜಹಾಂಗೀರ್ ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಜನಿಸಿದರು. ಇವರ ತಾತ ಹಾರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರಗಳು ಅದೇ ಸಂಸ್ಥಾನಕ್ಕೆ ಸೇರಿದ್ದವು.

ಬೆಂಗಳೂರಿನಲ್ಲಿ ಸಂಶೋಧನೆ

ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಭಾಭಾ ಅವರು 1939ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧವು ಆರಂಭವಾಯಿತು. ಹಿಂದಿರುಗಲು ಸಾಧ್ಯವಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ವಿಶ್ವಕಿರಣಗಳ ಸಂಶೋಧನೆಯನ್ನು ಕೈಗೊಂಡರು. 1945ರಲ್ಲಿ ಇವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಅಲ್ಲಿಯೇ ಆರಂಭಗೊಂಡು, ಅದೇ ವರ್ಷ ಮುಂಬಯಿಗೆ ಸ್ಥಳಾಂತರವಾಯಿತು. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು 1948ರಲ್ಲಿ ಈ ಸಂಸ್ಥೆಯನ್ನು ಸೇರಿ, ಭಾಭಾ ಅವರ ಸಲಹೆಯಂತೆ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳ ಪ್ರಯೋಗ ನಡೆಸಿದರು. ಮುಂದೆ ಅವರು ಸಂಸ್ಥೆಯ ನಿರ್ದೇಶಕರೂ ಆದರು.

ಅಂತಾರಾಷ್ಟ್ರೀಯ ಸಹಕಾರ

1948ರಲ್ಲಿ ರಚಿತವಾದ ಪರಮಾಣು ಶಕ್ತಿ ಆಯೋಗಕ್ಕೆ ಭಾಭಾ ಅವರು ಪ್ರಥಮ ಅಧ್ಯಕ್ಷರಾದರು. ಪರಮಾಣು ಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆಯು 1955ರಲ್ಲಿ ಜಿನೀವಾದಲ್ಲಿ ನಡೆಸಿದ ಮೊದಲ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಅದುವರೆಗೆ ಗುಪ್ತವಾಗಿದ್ದ ಎಷ್ಟೋ ವೈಜ್ಞಾನಿಕ ಮಾಹಿತಿಯು ಅಲ್ಲಿ ಬಹಿರಂಗಗೊಂಡಿತು.

ಟ್ರಾಂಬೆಯಲ್ಲಿ 1956ರಲ್ಲಿ ಕಾರ್ಯಾರಂಭ ಮಾಡಿದ ‘ಅಪ್ಸರಾ’ ರಿಯಾಕ್ಟರನ್ನು ಭಾರತೀಯರೇ ನಿರ್ಮಿಸಿದರು; ಇಂಧನವನ್ನು ಬ್ರಿಟನ್ ಒದಗಿಸಿತು. 1960ರ ‘ಸೈರಸ್’ ರಿಯಾಕ್ಟರಿಗೆ ಕೆನಡಾ ನೆರವಾಯಿತು. ಭಾರಜಲವು ಅಮೆರಿಕದಿಂದ ಬಂದಿತು.

ನೆರವಿನೊಡನೆ ತಪಾಸಣೆಯ ಪ್ರಶ್ನೆಯೂ ಉದ್ಭವಿಸಿತು. 1957ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯನ್ನು ಭಾಭಾ ಅವರು ಬೆಂಬಲಿಸಿದರು. ಆದರೆ ನೆರವು ಪಡೆಯುವ ರಾಷ್ಟ್ರಗಳನ್ನು ಮಾತ್ರ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಡಿಸಿದರೆ ಅವು ಶಾಶ್ವತವಾಗಿ ಪರಾವಲಂಬಿಗಳಾಗುವುವೆಂಬುದು ಅವರ ವಾದವಾಗಿತ್ತು. ಈ ಪ್ರಶ್ನೆಯು ಅವರ ನಂತರವೂ ಉಳಿಯಿತು. 1974ರ ಪೋಖ್ರಾನ್ ಪರೀಕ್ಷೆಯಲ್ಲಿ ಸೈರಸ್‌ನ ಪ್ಲುಟೋನಿಯಂ ಬಳಕೆಯಾದ ಕಾರಣ ಕೆನಡಾ ತನ್ನ ಸಹಕಾರವನ್ನು ಹಿಂತೆಗೆದುಕೊಂಡಿತು. ಪರಮಾಣು ಪೂರೈಕೆದಾರ ರಾಷ್ಟ್ರಗಳ ಸಮೂಹವು 2008ರಲ್ಲಿ ವಿನಾಯಿತಿ ನೀಡಿದ ಬಳಿಕವೇ ನಾಗರಿಕ ಪರಮಾಣು ವ್ಯಾಪಾರವು ಭಾರತಕ್ಕೆ ವ್ಯಾಪಕವಾಗಿ ತೆರೆಯಿತು.

ನಿಧನ ಮತ್ತು ಸ್ಮರಣೆ

ಇದೇ ಸಂಸ್ಥೆಯ ಸಭೆಗಾಗಿ ವಿಯೆನ್ನಾಕ್ಕೆ ತೆರಳುತ್ತಿದ್ದಾಗ, 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಭಾಭಾ ಅವರು ನಿಧನ ಹೊಂದಿದರು. 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಯಿತು. ಆ ಕೇಂದ್ರದ ರಿಯಾಕ್ಟರಿನಲ್ಲಿ ತಯಾರಾಗುವ ಐಸೊಟೋಪ್‌ಗಳು ದೇಶದ ಆಸ್ಪತ್ರೆಗಳಲ್ಲಿ ರೋಗಪತ್ತೆಗೂ ಚಿಕಿತ್ಸೆಗೂ ಬಳಕೆಯಾಗುತ್ತಿವೆ.