ಅಧ್ಯಕ್ಷರ ಟೇಪು ಕೋರ್ಟಿಗೆ ತರಿಸಿದ ವಕೀಲ: ಹೂಸ್ಟನ್‌ನ ಲಿಯಾನ್ ಜವೋರ್ಸ್ಕಿ

ನಮ್ಮ ತಾಲೂಕು ಕೋರ್ಟ್ ಕಡೆ ಹೋದರೆ ವಕೀಲರ ಆಫೀಸು ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಒಬ್ಬರು ಸೀನಿಯರ್, ಒಬ್ಬಿಬ್ಬರು ಜೂನಿಯರ್, ಫೈಲು ಹೊರೋ ಗುಮಾಸ್ತ. ವಕೀಲರ ಹೆಸರೇ ಆಫೀಸಿನ ಹೆಸರು. ಅಮೆರಿಕದಲ್ಲಿ ಹೀಗೂ ಇದೆ, ಬೇರೆ ಥರಾನೂ ಇದೆ. ನೂರಾರು ವಕೀಲರು ಒಂದೇ ಬೋರ್ಡಿನ ಕೆಳಗೆ ಕೆಲವರು ಪಾಲುದಾರರಾಗಿ, ಕೆಲವರು ಸಂಬಳಕ್ಕೆ ಕೆಲಸ ಮಾಡೋ ದೊಡ್ಡ ಸಂಸ್ಥೆಗಳು ಅಲ್ಲಿವೆ. ಅದಕ್ಕೆ ಲಾ ಫರ್ಮ್ ಅಂತಾರೆ.

ಈ ಫರ್ಮ್‌ಗಳಲ್ಲಿ ಬಹಳಷ್ಟು ಜನ ಕರಾರು ಪತ್ರ, ತೆರಿಗೆ, ಕಂಪನಿ ಕಾಗದ ನೋಡಿಕೊಳ್ಳುವವರು. ಒಂದು ಸಲವೂ ಪಾಟೀಸವಾಲು ಮಾಡದೆ ನಿವೃತ್ತಿ ಆಗುವವರೂ ಇರ್ತಾರೆ. ಸಾಕ್ಷಿಯನ್ನು ನಿಲ್ಲಿಸಿ ವಿಚಾರಣೆ ನಡೆಸೋ ಟ್ರಯಲ್ ವಕೀಲರು ಕೆಲವರೇ. ಆದರೆ ಎದುರು ಪಾರ್ಟಿಗೆ ಭಯ ಇರೋದು ಆ ಕೆಲವರದ್ದೇ. ಅಂಥವರಲ್ಲಿ ದೊಡ್ಡ ಹೆಸರು ಟೆಕ್ಸಾಸ್ ರಾಜ್ಯದ ಲಿಯಾನ್ ಜವೋರ್ಸ್ಕಿ ಅವರದು. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕುರ್ಚಿ ಬಿಡೋ ಪರಿಸ್ಥಿತಿ ಬಂದಿದ್ದು ಇವರು ಗೆದ್ದ ಒಂದು ಕೇಸಿನಿಂದ.

ಜವೋರ್ಸ್ಕಿ ಹುಟ್ಟಿದ್ದು 1905ರ ಸೆಪ್ಟೆಂಬರ್ 19ರಂದು, ಟೆಕ್ಸಾಸ್‌ನ ವೇಕೋ ಊರಿನಲ್ಲಿ. ಅಪ್ಪ ಪೋಲೆಂಡ್‌ನಿಂದ ವಲಸೆ ಬಂದ ಪಾದ್ರಿ, ಅಮ್ಮ ಆಸ್ಟ್ರಿಯಾದವರು. ಅಪ್ಪನಿಗೆ ಹಳೇ ಕಾಲದ ವೀರರ ಹೆಸರು ಅಂದ್ರೆ ಇಷ್ಟ ಇದ್ದಿರಬೇಕು. ಒಬ್ಬ ಮಗನಿಗೆ ಹ್ಯಾನಿಬಲ್ ಅಂತ, ಇವರಿಗೆ ಸ್ಪಾರ್ಟಾದ ರಾಜ ಲಿಯೊನಿಡಾಸ್‌ನ ಹೆಸರು ಇಟ್ಟರು. ಅದೇ ಮುಂದೆ ಲಿಯಾನ್ ಆಯ್ತು. ಮನೆಯಲ್ಲಿ ದುಡ್ಡಿರಲಿಲ್ಲ, ಓದು ಮಾತ್ರ ಜೋರಾಗಿತ್ತು. ಊರಲ್ಲೇ ಇದ್ದ ಬೇಲರ್ ವಿಶ್ವವಿದ್ಯಾಲಯದಲ್ಲಿ ಕಾನೂನು ಮುಗಿಸಿ 1925ರಲ್ಲಿ ವಕೀಲರಾದರು. ಟೆಕ್ಸಾಸ್‌ನಲ್ಲಿ ಅಷ್ಟು ಸಣ್ಣ ವಯಸ್ಸಿಗೆ ಸನ್ನದು ಪಡೆದವರು ಅದುವರೆಗೆ ಯಾರೂ ಇರಲಿಲ್ಲ.

ಶುರುವಿನ ಕಕ್ಷಿದಾರರು ಯಾರು ಅಂದ್ರೆ ಕಳ್ಳಭಟ್ಟಿಯವರು! ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಕದ್ದು ಸಾರಾಯಿ ಮಾರಿ ಸಿಕ್ಕಿಬಿದ್ದವರ ಕೇಸು ಹಿಡಿದೇ ಈ ಹುಡುಗ ವಕೀಲ ಜ್ಯೂರಿ ಎದುರು ಮಾತಾಡೋದು ಕಲಿತಿದ್ದು. ಜ್ಯೂರಿ ಅಂದ್ರೆ ಊರಿನ ಸಾಮಾನ್ಯ ಜನ. ತಪ್ಪಿತಸ್ಥ ಹೌದೋ ಅಲ್ವೋ ಅಂತ ಹೇಳೋದು ಅವರೇ. ನಮ್ಮಲ್ಲಿ ಆ ಪದ್ಧತಿ ಹೋಗಿ ಎಷ್ಟೋ ವರ್ಷ ಆಯ್ತು.

1929ರಲ್ಲಿ ಬಂತು ನಿಜವಾದ ಪರೀಕ್ಷೆ. ಜೋರ್ಡನ್ ಸ್ಕಾಟ್ ಅನ್ನೋ ಕಪ್ಪು ಜನಾಂಗದ ವ್ಯಕ್ತಿ ಮೇಲೆ ಬಿಳಿಯ ಗಂಡ ಹೆಂಡತಿಯನ್ನು ಕೊಂದ ಆರೋಪ. ಆ ಕಾಲದ ಟೆಕ್ಸಾಸ್‌ನಲ್ಲಿ ಇಂಥ ಆರೋಪಿ ಪರ ನಿಲ್ಲೋದು ಅಂದ್ರೆ ಊರನ್ನೇ ಎದುರು ಹಾಕಿಕೊಂಡಂಗೆ. ಜವೋರ್ಸ್ಕಿಗೆ ಆಗಿನ್ನೂ ಇಪ್ಪತ್ಮೂರು, ಇಪ್ಪತ್ನಾಲ್ಕು ವಯಸ್ಸು. ಕಾಟಾಚಾರಕ್ಕೆ ನಿಂತು ಕೈತೊಳೆದುಕೊಳ್ಳಬಹುದಿತ್ತು, ಯಾರೂ ಕೇಳ್ತಿರಲಿಲ್ಲ. ಹಾಗೆ ಮಾಡಲಿಲ್ಲ, ಪೂರ್ತಿ ಹೋರಾಡಿದರು. ಕೇಸು ಸೋತರು. ಆದರೆ ಈ ಸೋತ ಕೇಸೇ ಅವರಿಗೆ ಹೆಸರು ತಂದುಕೊಟ್ಟಿತು.

1931ರಲ್ಲಿ ಹೂಸ್ಟನ್ ನಗರದ ಒಂದು ಫರ್ಮ್ ಸೇರಿದರು. ಇದನ್ನು 1919ರಲ್ಲಿ ಶುರು ಮಾಡಿದ್ದು ಫುಲ್‌ಬ್ರೈಟ್ ಮತ್ತು ಕ್ರೂಕರ್ ಅನ್ನೋ ಇಬ್ಬರು ವಕೀಲರು. ಆಂಡರ್ಸನ್ ಕ್ಲೇಟನ್ ಅನ್ನೋ ಭಾರಿ ಹತ್ತಿ ವ್ಯಾಪಾರದ ಕಂಪನಿ ಇವರ ದೊಡ್ಡ ಕಕ್ಷಿದಾರ. ಹತ್ತಿ ಸಾಗಿಸೋ ರೈಲು ಬಾಡಿಗೆಯ ತಕರಾರುಗಳನ್ನ ನಡೆಸುತ್ತಲೇ ಈ ಫರ್ಮ್ ಬೆಳೀತು. ಎಪಿಎಂಸಿಯಲ್ಲಿ ವ್ಯಾಪಾರ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಲಾರಿ ಬಾಡಿಗೆ ಸ್ವಲ್ಪ ಏರಿದರೂ ಲಾಭವೆಲ್ಲ ದಾರಿಯಲ್ಲೇ ಉದುರಿಹೋಗುತ್ತೆ ಅಲ್ವಾ.

ದೊಡ್ಡ ಫರ್ಮ್‌ನ ಟ್ರಯಲ್ ವಕೀಲ ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಕೋಟು ಬೀಸಿ ಅಬ್ಬರಿಸೋದಲ್ಲ. ಅವರ ಬಲ ಇರೋದು ತಯಾರಿಯಲ್ಲಿ. ಹಿಂದೆ ಹತ್ತು ಜನ ಕೂತು ಹಳೇ ತೀರ್ಪು ಹುಡುಕ್ತಾರೆ, ದಾಖಲೆ ಜೋಡಿಸ್ತಾರೆ, ಸಾಕ್ಷಿ ಏನು ಹೇಳಬಹುದು ಅಂತ ಮೊದಲೇ ಲೆಕ್ಕ ಹಾಕ್ತಾರೆ. ಮುಂದೆ ನಿಲ್ಲೋದು ಒಬ್ಬರು. ಜವೋರ್ಸ್ಕಿ ದೊಡ್ಡ ಕೇಸುಗಳನ್ನ ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತೆ. ಎದುರಿನವರು ತಾವೇ ಬರೆದಿಟ್ಟ, ತಾವೇ ಕೂಡಿಟ್ಟ ದಾಖಲೆಯನ್ನೇ ಅವರ ಮುಂದೆ ಇಡೋದು.

ಎರಡನೇ ಮಹಾಯುದ್ಧದಲ್ಲಿ ಸೇನೆಯ ಕಾನೂನು ವಿಭಾಗ ಸೇರಿ ಕರ್ನಲ್ ಆದರು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಯುದ್ಧಾಪರಾಧದ ಕೇಸು ನಡೆಸೋ ಜವಾಬ್ದಾರಿ ಬಂತು. ಮೊದಲನೆಯದು ರುಸೆಲ್ಸ್‌ಹೈಮ್ ಊರಿನದು. 1944ರ ಆಗಸ್ಟ್‌ನಲ್ಲಿ ಸೆರೆಸಿಕ್ಕ ಎಂಟು ಅಮೆರಿಕನ್ ವಿಮಾನ ಸಿಬ್ಬಂದಿಯನ್ನು ಆ ಊರಿನ ಬೀದಿಯಲ್ಲಿ ನಡೆಸಿಕೊಂಡು ಹೋಗ್ತಿದ್ದಾಗ ಜನ ಮುಗಿಬಿದ್ದು ಹೊಡೆದರು, ಆರು ಮಂದಿ ಸತ್ತರು. ಕೊಂದವರು ಸೈನಿಕರಲ್ಲ, ಊರಿನವರು. ಗುಂಪಿನಲ್ಲಿ ಯಾರು ಏನು ಮಾಡಿದರು ಅಂತ ಬಿಡಿಸಿ ತೋರಿಸೋದು ಎಷ್ಟು ಕಷ್ಟ ಅಂತ ಗಲಾಟೆ ಕೇಸು ನೋಡಿದ ಯಾವ ಪೊಲೀಸರನ್ನ ಕೇಳಿದ್ರೂ ಹೇಳ್ತಾರೆ. ಐದು ಮಂದಿಗೆ ಗಲ್ಲಾಯಿತು.

ಇನ್ನೊಂದು ಹಾಡಮಾರ್ ಕೇಸು. ಇದನ್ನು ಓದುವಾಗ ಮೈ ಜುಂ ಅನ್ನುತ್ತೆ. ಹಾಡಮಾರ್‌ನಲ್ಲಿ ಒಂದು ಮಾನಸಿಕ ಆಸ್ಪತ್ರೆ ಇತ್ತು. ನಾಜಿಗಳು ಅಲ್ಲಿ ಸಾವಿರಾರು ಜರ್ಮನ್ ರೋಗಿಗಳನ್ನೇ ಕೊಂದಿದ್ದರು. ಆದರೆ ಜರ್ಮನ್ನರು ಜರ್ಮನ್ನರನ್ನು ಕೊಂದ ವಿಷಯ ಅಮೆರಿಕ ಸೇನೆಯ ಕೋರ್ಟಿನ ವ್ಯಾಪ್ತಿಗೆ ಬರಲ್ಲ. ಸುಮ್ಮನೆ ಕೈಬಿಡೋ ಹಾಗೂ ಇಲ್ಲ. ಆಗ ಹಿಡಿದ ದಾರಿ ಏನಂದ್ರೆ, ಪೋಲೆಂಡ್ ಮತ್ತು ಸೋವಿಯತ್ ದೇಶದಿಂದ ಬಲವಂತವಾಗಿ ದುಡಿಮೆಗೆ ತಂದಿದ್ದ ಕಾರ್ಮಿಕರನ್ನೂ ಅಲ್ಲಿ ಕ್ಷಯರೋಗದ ಹೆಸರಿನಲ್ಲಿ ಸೇರಿಸಿಕೊಂಡು ಕೊಂದಿದ್ದರು. ಅವರು ಮಿತ್ರ ದೇಶದವರು. 476 ಮಂದಿಯ ಸಾವಿನ ಮೇಲೆ ಕೇಸು ಹಾಕಲಾಯಿತು.

ವಿಷದ ಇಂಜೆಕ್ಷನ್ ಕೊಟ್ಟು, ರಿಜಿಸ್ಟರಿನಲ್ಲಿ ಮಾತ್ರ ಕಾಯಿಲೆಯಿಂದ ಸತ್ತರು ಅಂತ ಆಸ್ಪತ್ರೆಯವರು ಬರೆದಿದ್ದರು. ಹೂತ ಹೆಣ ತೆಗೆಸಿ ಪೋಸ್ಟ್‌ಮಾರ್ಟಂ ಮಾಡಿಸಲಾಯಿತು. ಆ ಸುಳ್ಳು ರಿಜಿಸ್ಟರೇ ಕೊನೆಗೆ ಅವರ ವಿರುದ್ಧ ನಿಂತಿತು. ಮೇಲಿನವರ ಆದೇಶ ಪಾಲಿಸಿದ್ದು ಅನ್ನೋ ವಾದ ನಡೀಲಿಲ್ಲ. 1945ರ ಅಕ್ಟೋಬರ್‌ನಲ್ಲಿ ವೀಸ್‌ಬಾಡನ್‌ನಲ್ಲಿ ನಡೆದ ಈ ವಿಚಾರಣೆಯಲ್ಲಿ ಏಳೂ ಮಂದಿ ತಪ್ಪಿತಸ್ಥರಾದರು, ಮೂವರಿಗೆ ಗಲ್ಲು. ಇಷ್ಟೆಲ್ಲ ಮಾಡಿದವರು ಜಗತ್ಪ್ರಸಿದ್ಧ ನ್ಯೂರೆಂಬರ್ಗ್ ವಿಚಾರಣೆಗೆ ಮಾತ್ರ ಹೋಗಲಿಲ್ಲ. ಕೃತ್ಯ ನಡೆದಾಗ ಇಲ್ಲದ ಕಾನೂನನ್ನು ಆಮೇಲೆ ತಂದು ಶಿಕ್ಷೆ ಕೊಡೋದು ಸರಿಯಲ್ಲ ಅನ್ನೋದು ಅವರ ನಿಲುವು. ಒಪ್ಪೋದು ಬಿಡೋದು ಬೇರೆ ಮಾತು, ಆದರೆ ಆಗಿನ ಗೆಲುವಿನ ಗದ್ದಲದಲ್ಲಿ ಹಾಗೆ ಯೋಚಿಸಿದ್ದು ಸಣ್ಣದಲ್ಲ.

ಹೂಸ್ಟನ್‌ಗೆ ವಾಪಸ್ ಬಂದ ಮೇಲೆ ಫರ್ಮ್ ಬೆಳೀತು, ಇವರೂ ಬೆಳೆದರು. ಟೆಕ್ಸಾಸ್‌ನ ದೊಡ್ಡ ರಾಜಕಾರಣಿ ಲಿಂಡನ್ ಜಾನ್ಸನ್ ಅವರಿಗೆ ಆಪ್ತರು. 1960ರಲ್ಲಿ ಜಾನ್ಸನ್ ಒಂದೇ ಸಲ ಸೆನೆಟ್‌ಗೂ ಉಪಾಧ್ಯಕ್ಷ ಹುದ್ದೆಗೂ ನಿಂತಾಗ ಅದನ್ನು ಪ್ರಶ್ನಿಸಿದವರ ಎದುರು ವಾದ ಮಾಡಿ ಗೆದ್ದರು. ಅಂದ್ರೆ ಇವರು ದೊಡ್ಡವರ ವಕೀಲರು, ಅದರಲ್ಲಿ ಮುಚ್ಚುಮರೆ ಇಲ್ಲ.

ಅದಕ್ಕೇ 1962ರ ಕೆಲಸ ಬಹಳ ಜನಕ್ಕೆ ಸಿಟ್ಟು ತರಿಸಿತು. ಮಿಸಿಸಿಪ್ಪಿ ರಾಜ್ಯದ ಗವರ್ನರ್ ರಾಸ್ ಬಾರ್ನೆಟ್, ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಬೇಕು ಅನ್ನೋ ಕೋರ್ಟ್ ಆದೇಶವನ್ನೇ ತಡೆದಿದ್ದರು. ನ್ಯಾಯಾಂಗ ನಿಂದನೆ ಕೇಸು ನಡೆಸಲು ಸರ್ಕಾರದ ಪರ ಜವೋರ್ಸ್ಕಿ ಒಪ್ಪಿಕೊಂಡರು. ದಕ್ಷಿಣದ ಬಿಳಿಯ ಕಕ್ಷಿದಾರರನ್ನೇ ನಂಬಿದ ಫರ್ಮ್‌ನ ವಕೀಲ ಹೀಗೆ ಮಾಡೋದು ಸುಲಭ ಇರಲಿಲ್ಲ. ಕೇಸು 1965ರಲ್ಲಿ ಕೈಬಿಟ್ಟು ಹೋಯ್ತು, ಅದು ಬೇರೆ.

ಈಗ ವಾಟರ್‌ಗೇಟ್. 1972ರ ಜೂನ್ 17ರಂದು ವಾಷಿಂಗ್ಟನ್‌ನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಎಳೆ ಹಿಡಿದು ಹೋದರೆ ಅದು ಅಧ್ಯಕ್ಷ ನಿಕ್ಸನ್ ಅವರ ಕಡೆಯವರಿಗೆ ಮುಟ್ಟಿತು. ನಿಕ್ಸನ್ ತಮ್ಮ ಕಚೇರಿಯ ಮಾತುಕತೆಯನ್ನೆಲ್ಲ ಗುಟ್ಟಾಗಿ ಟೇಪ್ ಮಾಡಿಸ್ತಿದ್ದ ವಿಷಯ 1973ರ ಜುಲೈನಲ್ಲಿ ಹೊರಬಂತು. ಆ ಟೇಪು ಬೇಕು ಅಂತ ಪಟ್ಟು ಹಿಡಿದ ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ಅಕ್ಟೋಬರ್ 20ರ ಶನಿವಾರ ರಾತ್ರಿ ಕೆಲಸದಿಂದ ತೆಗೆದುಹಾಕಲಾಯಿತು. ತೆಗೆಯಲ್ಲ ಅಂದ ಅಟಾರ್ನಿ ಜನರಲ್ ರಾಜೀನಾಮೆ ಕೊಟ್ಟು ಹೋದರು.

ಆ ಖಾಲಿ ಕುರ್ಚಿಗೆ ಕರೆದಿದ್ದು ಜವೋರ್ಸ್ಕಿ ಅವರನ್ನು. ವಯಸ್ಸು 68. ನವೆಂಬರ್ 1ಕ್ಕೆ ನೇಮಕ ಪ್ರಕಟವಾಯ್ತು. ಸಂಸತ್ತಿನ ಎರಡೂ ಪಕ್ಷದ ಮುಖಂಡರ ಒಪ್ಪಿಗೆ ಇಲ್ಲದೆ ತನ್ನನ್ನು ತೆಗೆಯಬಾರದು ಅನ್ನೋ ಭರವಸೆ ಪಡೆದೇ ಬಂದರು. ವಕೀಲ ಬುದ್ಧಿ ಅಂದ್ರೆ ಇದು! ಆದರೂ ಕಾಕ್ಸ್ ಬಿಟ್ಟು ಹೋಗಿದ್ದ ಯುವ ವಕೀಲರ ತಂಡಕ್ಕೆ ಇವರ ಮೇಲೆ ಅನುಮಾನ. ದುಡ್ಡಿದ್ದವರ ಕೇಸು ನಡೆಸೋ ಟೆಕ್ಸಾಸ್ ವಕೀಲ, ನಿಕ್ಸನ್ ಕಡೆಯವರೇ ಆರಿಸಿದ್ದು, ಕೇಸು ಮುಚ್ಚಿಹಾಕ್ತಾರೆ ಅಂತ ಹೊರಗೂ ಮಾತಿತ್ತು.

ಡಿಸೆಂಬರ್‌ನಲ್ಲಿ ಅವರು ಒಂದು ಟೇಪು ಕೇಳಿದರು. ಅದರಲ್ಲಿ ನಿಕ್ಸನ್, ಸಿಕ್ಕಿಬಿದ್ದವರ ಬಾಯಿ ಮುಚ್ಚಿಸೋಕೆ ದುಡ್ಡು ಕೊಡೋ ಬಗ್ಗೆ ತಮ್ಮ ವಕೀಲರ ಜತೆ ಮಾತಾಡಿದ್ದರು. ಅಲ್ಲಿಂದ ಜವೋರ್ಸ್ಕಿ ಹಿಂದೆ ನೋಡಲಿಲ್ಲ. 1974ರ ಮಾರ್ಚ್ 1ಕ್ಕೆ ಏಳು ಮಂದಿ ಮೇಲೆ ಆರೋಪಪಟ್ಟಿ ಬಂತು. ಏಪ್ರಿಲ್‌ನಲ್ಲಿ ಇನ್ನೂ 64 ಮಾತುಕತೆಗಳ ಟೇಪು ಕೇಳಿ ಸಮನ್ಸ್ ತರಿಸಿದರು. ನಿಕ್ಸನ್ ಟೇಪು ಕೊಡಲಿಲ್ಲ, ಕತ್ತರಿ ಹಾಕಿ ಟೈಪ್ ಮಾಡಿಸಿದ ಪ್ರತಿ ಕೊಟ್ಟರು. ಜವೋರ್ಸ್ಕಿ ಮೇಲ್ಮನವಿ ಕೋರ್ಟನ್ನು ದಾಟಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

ಜುಲೈ 8ರಂದು ವಾದ. ನಿಕ್ಸನ್ ಪರ ನಿಂತ ಜೇಮ್ಸ್ ಸೇಂಟ್ ಕ್ಲೇರ್ ಕೂಡ ಬಾಸ್ಟನ್‌ನ ಹೇಲ್ ಅಂಡ್ ಡೋರ್ ಅನ್ನೋ ದೊಡ್ಡ ಫರ್ಮ್‌ನ ಹೆಸರಾಂತ ಟ್ರಯಲ್ ವಕೀಲರು. ಸಾಮರ್ಥ್ಯದಲ್ಲಿ ಕಮ್ಮಿ ಇರಲಿಲ್ಲ. ಆದರೆ ಕಕ್ಷಿದಾರನೇ ಟೇಪು ಕೇಳೋಕೆ ಬಿಡದಿದ್ದರೆ ವಕೀಲ ತಾನೇ ಏನು ತಯಾರಿ ಮಾಡಿಯಾನು? ನನ್ನ ಪ್ರಕಾರ ಎರಡು ಕಡೆಯ ವ್ಯತ್ಯಾಸ ಇದ್ದಿದ್ದೇ ಇಲ್ಲಿ. ಜವೋರ್ಸ್ಕಿ ಜತೆ ಯುವ ವಕೀಲ ಫಿಲಿಪ್ ಲಕೊವಾರ ವಾದ ಮಾಡಿದರು. ಸಂವಿಧಾನ ಏನು ಹೇಳುತ್ತೆ ಅಂತ ಕೊನೇ ಮಾತು ಅಧ್ಯಕ್ಷರದ್ದೋ ಕೋರ್ಟಿನದ್ದೋ ಅನ್ನೋದೇ ಪ್ರಶ್ನೆ.

ಜುಲೈ 24ಕ್ಕೆ ತೀರ್ಪು. ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳು ಟೇಪು ಕೊಡಬೇಕು ಅಂದರು. ಅವರಲ್ಲಿ ಮೂವರನ್ನು ನೇಮಿಸಿದ್ದು ನಿಕ್ಸನ್ ಅವರೇ. ಟೇಪು ಬಂತು. 1972ರ ಜೂನ್ 23ರ ಟೇಪಿನಲ್ಲಿ, ತನಿಖೆ ತಡೆಯೋಕೆ ನಿಕ್ಸನ್ ಒಪ್ಪಿದ್ದು ಅವರ ದನಿಯಲ್ಲೇ ಇತ್ತು. ಆಗಸ್ಟ್ 9ಕ್ಕೆ ಅಧ್ಯಕ್ಷರು ಕುರ್ಚಿ ಬಿಟ್ಟರು.

ಜವೋರ್ಸ್ಕಿ ಮೇಲೆ ಟೀಕೆ ಇಲ್ಲ ಅಂತಲ್ಲ. ಕುರ್ಚಿಯಲ್ಲಿ ಇರೋ ಅಧ್ಯಕ್ಷರ ಮೇಲೆ ಆರೋಪಪಟ್ಟಿ ಹಾಕೋಕೆ ಅವರು ಒಪ್ಪಲಿಲ್ಲ. ಸೆಪ್ಟೆಂಬರ್ 8ಕ್ಕೆ ಹೊಸ ಅಧ್ಯಕ್ಷ ಫೋರ್ಡ್ ನಿಕ್ಸನ್‌ಗೆ ಕ್ಷಮೆ ಕೊಟ್ಟಾಗ ಅದನ್ನು ಪ್ರಶ್ನಿಸಲೂ ಹೋಗಲಿಲ್ಲ. ಉಳಿದ ಆರೋಪಿಗಳ ವಿಚಾರಣೆ ಇನ್ನೂ ನಡೀತಿರುವಾಗಲೇ, ಅಕ್ಟೋಬರ್ 25ಕ್ಕೆ ಹುದ್ದೆ ಬಿಟ್ಟು ಹೂಸ್ಟನ್‌ಗೆ ಹೊರಟರು. ಬಾಕಿ ಕೆಲಸ ಬೇರೆಯವರು ಮುಗಿಸಿದರು. ಸಾಲಿನ ಕೊನೇವರೆಗೂ ನಿಲ್ಲಬೇಕಿತ್ತು ಅಂತ ನನಗೂ ಅನ್ನಿಸುತ್ತೆ.

1977ರಲ್ಲಿ ಮತ್ತೆ ಕರೆ ಬಂತು. ದಕ್ಷಿಣ ಕೊರಿಯಾದ ಅಕ್ಕಿ ವ್ಯಾಪಾರಿ ಟೋಂಗ್‌ಸನ್ ಪಾರ್ಕ್ ಅಮೆರಿಕದ ಸಂಸದರಿಗೆ ದುಡ್ಡು ಹಂಚಿದ ಪ್ರಕರಣದಲ್ಲಿ ಸಂಸತ್ ಸಮಿತಿಯ ವಕೀಲರಾಗಿ ಕೆಲಸ ಮಾಡಿದರು.

1982ರ ಡಿಸೆಂಬರ್ 9ರಂದು ಟೆಕ್ಸಾಸ್‌ನ ವಿಂಬರ್ಲಿ ಹತ್ತಿರದ ತಮ್ಮ ತೋಟದಲ್ಲಿ ಕಟ್ಟಿಗೆ ಒಡೆಯುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. 77 ವರ್ಷ ಆಗಿತ್ತು. ಫರ್ಮ್ ಆಗಲೇ ಫುಲ್‌ಬ್ರೈಟ್ ಅಂಡ್ ಜವೋರ್ಸ್ಕಿ ಅಂತ ಇವರ ಹೆಸರು ಹೊತ್ತಿತ್ತು. 2013ರಲ್ಲಿ ಲಂಡನ್ ಮೂಲದ ನಾರ್ಟನ್ ರೋಸ್ ಜತೆ ಅದು ಸೇರಿಕೊಂಡಾಗ ಹೊಸ ಬೋರ್ಡಿನಲ್ಲಿ ಫುಲ್‌ಬ್ರೈಟ್ ಉಳಿಯಿತು, ಜವೋರ್ಸ್ಕಿ ಹೆಸರು ಬಿಟ್ಟುಹೋಯ್ತು.