ಆಟೋಮ್ಯಾಟಿಕ್ ಗೇರ್ ಜಾರಿದರೆ ಗೇರ್‌ಬಾಕ್ಸೇ ಹೋಯಿತೇ? ಹೆರ್ಮಾನ್ ಫೋಟಿಂಗರ್ ಕಥೆ

ಕಾಫಿ ಚೀಲ ಹೇರಿಕೊಂಡ ಹಳೆಯ ಆಟೋಮ್ಯಾಟಿಕ್ ಪಿಕಪ್ಪೊಂದು ಅಮ್ಮತ್ತಿಯ ತೋಟದ ಏರು ಹತ್ತುತ್ತಿದೆ ಎಂದುಕೊಳ್ಳೋಣ. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗೇರ್‌ಬಾಕ್ಸ್ ಹೋಯಿತು, ಬಿಚ್ಚಲೇಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇದು ಎಷ್ಟು ಸರಿ? ಜರ್ಮನಿಯ ಎಂಜಿನಿಯರ್ ಹೆರ್ಮಾನ್ ಫೋಟಿಂಗರ್ ಅವರ ಬದುಕನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ.

ಫೋಟಿಂಗರ್ ಹುಟ್ಟಿದ್ದು 1877ರಲ್ಲಿ, ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನಲ್ಲಿ ಓದು ಮುಗಿಸಿ ಸ್ಟೆಟ್ಟಿನ್ ನಗರದ ವಲ್ಕನ್ ಹಡಗು ಕಾರ್ಖಾನೆ ಸೇರಿದರು. ಆಗ ಹಡಗುಗಳಿಗೆ ಉಗಿ ಟರ್ಬೈನ್ ಬರತೊಡಗಿತ್ತು. ಟರ್ಬೈನ್ ವೇಗವಾಗಿ ತಿರುಗಬೇಕು, ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಸಾವಿರಾರು ಅಶ್ವಶಕ್ತಿಯನ್ನು ತಾಳುವ ಹಲ್ಲುಚಕ್ರಗಳ ಮೇಲೆ ಆಗ ಭರವಸೆಯಿರಲಿಲ್ಲ. ವಿದ್ಯುತ್ ಮೂಲಕ ಸಾಗಿಸಲು ಹೋದರೆ ಭಾರ ಹೆಚ್ಚು.

ಫೋಟಿಂಗರ್ ದ್ರವವನ್ನೇ ಕೆಲಸಕ್ಕೆ ಹಚ್ಚಿದರು. ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್ ನೋಡಿ: ಪಂಪು ಕೆರೆಯ ಬಳಿ ಇರುತ್ತದೆ, ಸ್ಪ್ರಿಂಕ್ಲರ್ ತೋಟದೊಳಗೆ ತಿರುಗುತ್ತದೆ. ನಡುವೆ ಬಲ ಸಾಗಿಸುವುದು ನೀರೊಂದೇ. ಫೋಟಿಂಗರ್ ಪೈಪು ತೆಗೆದು, ಪಂಪಿನ ಚಕ್ರವನ್ನೂ ಟರ್ಬೈನ್ ಚಕ್ರವನ್ನೂ ಒಂದೇ ಚಿಪ್ಪಿನೊಳಗೆ ಕೂರಿಸಿದರು. ದ್ರವದ ದಿಕ್ಕು ಬದಲಿಸಲು ಇನ್ನೊಂದು ಚಕ್ರ ಸೇರಿಸಿದಾಗ ವೇಗ ಇಳಿದು ತಿರುಗಿಸುವ ಬಲ ಹೆಚ್ಚಿತು. 1905ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇಂದಿನ ಟಾರ್ಕ್ ಕನ್ವರ್ಟರ್ ಇದರ ಮುಂದುವರಿಕೆಯೇ.

1909ರಲ್ಲಿ ಅವರು ಡಾನ್ಜಿಗ್‌ನಲ್ಲಿ, 1924ರಲ್ಲಿ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದರು. ಅಷ್ಟರಲ್ಲಿ ಹಲ್ಲುಚಕ್ರಗಳು ಸುಧಾರಿಸಿ, ಹಡಗುಗಳು ಅತ್ತ ಹೊರಳಿದವು. ಫೋಟಿಂಗರ್ ಉಪಾಯ ನೆಲಕ್ಕಿಳಿದು ರೈಲು, ಬಸ್ಸು, ಕಾರುಗಳನ್ನು ಸೇರಿತು. 1945ರ ಏಪ್ರಿಲ್‌ನಲ್ಲಿ, ಬರ್ಲಿನ್ ಕದನದ ನಡುವೆ, ಶೆಲ್ ಚೂರು ತಗುಲಿ ಅವರು ತೀರಿಕೊಂಡರು. ಬ್ಯುಕ್ ಕಂಪನಿ ಟಾರ್ಕ್ ಕನ್ವರ್ಟರ್ ಇರುವ ಡೈನಾಫ್ಲೋ ಗೇರ್‌ಬಾಕ್ಸನ್ನು ಕಾರುಗಳಿಗೆ ತಂದದ್ದು ಮೂರು ವರ್ಷಗಳ ನಂತರ, 1948ರಲ್ಲಿ.

ಈಗ ನಮ್ಮ ಪಿಕಪ್ಪಿಗೆ ಬರೋಣ. ಇದರಲ್ಲಿ ಗೇರ್ ಆಯಿಲ್ ಬರೀ ಜಾರುವಿಕೆಗಾಗಿ ಇಲ್ಲ. ಎಂಜಿನ್ ಬಲ ಸಾಗಿಸುವುದು, ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಒತ್ತಿಹಿಡಿಯುವುದು, ಬಿಸಿ ಇಳಿಸುವುದು ಕೂಡ ಅದರ ಕೆಲಸ. ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆದು ಒತ್ತಡ ಬೀಳುತ್ತದೆ. ಆಗ ಡಿ ಅಥವಾ ಆರ್ ಹಾಕಿದರೂ ಗಾಡಿ ತಡವಾಗಿ ಹೊರಡುತ್ತದೆ, ಏರಿನಲ್ಲಿ ಗೇರ್ ಜಾರುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಆಯಿಲ್‌ನದು. ಗಾಡಿಯ ಕೈಪಿಡಿ ಹೇಳುವ ಕ್ರಮದಲ್ಲೇ, ಸಮತಟ್ಟಾದ ಜಾಗದಲ್ಲಿ ಮಟ್ಟ ನೋಡಬೇಕು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿರಬಹುದು. ಹಾಲು ಬೆರೆತಂತೆ ಕಂಡರೆ ರೇಡಿಯೇಟರ್ ನೀರು ಸೇರಿರಬಹುದು, ಗಾಡಿ ಓಡಿಸಬಾರದು. ಮಟ್ಟ ಕಡಿಮೆಯಿದ್ದರೆ ಸೋರಿಕೆ ಹುಡುಕಬೇಕು. ಎಲ್ಲವೂ ಸರಿಯಿದ್ದರೆ ಸ್ಕ್ಯಾನರ್ ಹಾಕಿ ಸೆನ್ಸರ್, ಸೊಲೆನಾಯ್ಡ್ ದೋಷ ನೋಡಬೇಕು. ಬಿಚ್ಚುವ ಮಾತು ಆಮೇಲೆ.

ಹಳೆಯ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ ಎಂಬ ಮಾತೂ ಉಂಟು. ಸಾಮಾನ್ಯವಾಗಿ ಪ್ಲೇಟು ಸವೆದು ತೊಂದರೆ ಶುರುವಾದ ಮೇಲೆ ಆಯಿಲ್ ಬದಲಿಸುತ್ತಾರೆ, ಅಪವಾದ ಹೊಸ ಆಯಿಲ್ ಮೇಲೆ ಬರುತ್ತದೆ. ಹೊಸ ಆಯಿಲ್ ಸವೆದ ಪ್ಲೇಟನ್ನು ಸರಿಮಾಡುವುದಿಲ್ಲ ಎಂಬುದೂ ನಿಜ. ಆದರೆ ಗೇರ್ ಜಾರುತ್ತಿರುವಾಗಲೇ ಹೊರೆ ಹೊತ್ತು ಏರು ಹತ್ತಿಸಿದರೆ ಬಿಸಿಗೆ ಪ್ಲೇಟು ಸುಡುತ್ತದೆ. ಆಯಿಲ್ ತುಂಬಿ, ಸೋರಿಕೆ ನಿಲ್ಲಿಸಿದರೆ ಮುಗಿಯಬಹುದಾಗಿದ್ದ ಕೆಲಸ ಆಗ ನಿಜಕ್ಕೂ ಗೇರ್‌ಬಾಕ್ಸ್ ಬಿಚ್ಚುವಲ್ಲಿಗೆ ಬಂದು ನಿಲ್ಲುತ್ತದೆ.