ಹೆಜ್ಜೆಗಳನ್ನು ಎಣಿಸಿದ ಪಂಡಿತ ನೈನ್ ಸಿಂಗನು

ಸಂತೆಗೆ ಹೋಗುವ ನಾವು ದಾರಿಯ ದೂರವನ್ನು ಮೈಲುಗಲ್ಲುಗಳಿಂದ ತಿಳಿಯುತ್ತೇವೆ. ಮೈಲುಗಲ್ಲೇ ಇಲ್ಲದ ಪರ್ವತದೇಶವೊಂದನ್ನು ಒಬ್ಬ ಹಳ್ಳಿಯ ಉಪಾಧ್ಯಾಯನು ತನ್ನ ಪಾದಗಳಿಂದಲೇ ಅಳೆದ ವೃತ್ತಾಂತವು ಇದು.

ನೈನ್ ಸಿಂಗನು ೧೮೩೦ನೇ ಇಸವಿಯಲ್ಲಿ ಕುಮಾವೂನಿನ ಮೀಲಮ್ ಎಂಬ ಹಿಮಾಲಯದ ಹಳ್ಳಿಯಲ್ಲಿ ಹುಟ್ಟಿದನು. ಆತನ ಜನರು ಕಣಿವೆಗಳನ್ನು ದಾಟಿ ಟಿಬೆಟಿನವರೊಡನೆ ವ್ಯಾಪಾರ ಮಾಡುತ್ತಿದ್ದರು. ಆದಕಾರಣ ಅಲ್ಲಿಯ ಭಾಷೆಯೂ ನಡತೆಯೂ ಆತನಿಗೆ ತಿಳಿದಿದ್ದವು. ಯೌವನದಲ್ಲಿ ಜರ್ಮನಿಯ ಶ್ಲಾಗಿಂಟ್‌ವೈಟ್ ಸಹೋದರರ ಸಂಗಡ ಸಂಚರಿಸಿ, ಬಳಿಕ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದನು.

ಆ ಕಾಲದಲ್ಲಿ ಟಿಬೆಟಿನವರು ಪರದೇಶಸ್ಥರನ್ನು ಒಳಗೆ ಸೇರಿಸುತ್ತಿರಲಿಲ್ಲ. ಆದುದರಿಂದ ಸರಕಾರದ ಭೂಮಾಪನ ಇಲಾಖೆಯ ಮಾಂಟ್ಗೋಮರಿ ಎಂಬ ಅಧಿಕಾರಿಯು ಪರ್ವತವಾಸಿಗಳನ್ನೇ ಕಳುಹಿಸಲು ಯೋಚಿಸಿದನು. ೧೮೬೩ರಲ್ಲಿ ನೈನ್ ಸಿಂಗನು ಡೆಹ್ರಾಡೂನಿಗೆ ಹೋಗಿ ಆ ವಿದ್ಯೆಯನ್ನು ಕಲಿತನು. ಏರಿನಲ್ಲಾಗಲಿ ಇಳಿತದಲ್ಲಾಗಲಿ ಆತನ ಹೆಜ್ಜೆಯು ೩೩ ಅಂಗುಲವೇ ಇರಬೇಕಾಗಿತ್ತು. ಸುಮಾರು ೨,೦೦೦ ಹೆಜ್ಜೆಗೆ ಒಂದು ಮೈಲು. ಆತನ ಜಪಮಾಲೆಗೆ ವಾಡಿಕೆಯ ೧೦೮ ಮಣಿಗಳಲ್ಲ, ೧೦೦ ಮಾತ್ರವೇ ಇದ್ದವು. ನೂರು ಹೆಜ್ಜೆಗೆ ಒಂದು ಮಣಿಯನ್ನು ಸರಿಸುವನು. ಮಾಲೆ ಒಂದು ಸುತ್ತಾದರೆ ಐದು ಮೈಲು. ಬರೆದ ಲೆಕ್ಕವು ಕೈಯಲ್ಲಿನ ಪ್ರಾರ್ಥನಾಚಕ್ರದೊಳಗೆ ಅಡಗಿತ್ತು. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಶಾಖದಲ್ಲಿ ಕುದಿಯುತ್ತದಷ್ಟೆ. ಹೀಗೆ ಕುದಿಯುವ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ಸ್ಥಳದ ಎತ್ತರವನ್ನು ತಿಳಿಯುತ್ತಿದ್ದನು.

೧೮೬೫ರಲ್ಲಿ ಆತನು ತನ್ನ ದಾಯಾದಿಯಾದ ಮಣಿ ಸಿಂಗನೊಡನೆ ನೇಪಾಳದ ಮಾರ್ಗವಾಗಿ ಹೊರಟನು. ಗಡಿಯ ಕೀರೊಂಗಿನಲ್ಲಿ ಅಧಿಕಾರಿಗಳು ಅವರನ್ನು ಹಿಂದಕ್ಕೆ ಕಳುಹಿಸಿದರು. ಮಣಿ ಸಿಂಗನು ಮುಂದೆ ಬರಲಿಲ್ಲ. ನೈನ್ ಸಿಂಗನೋ ವೇಷವನ್ನು ಬದಲಿಸಿ, ಲ್ಹಾಸಾಕ್ಕೆ ಹೋದರೆ ಪ್ರಾಣವನ್ನೇ ಕೊಡುವೆನೆಂದು ಮುಚ್ಚಳಿಕೆ ಕೊಟ್ಟು ಒಳಹೊಕ್ಕನು. ತ್ಸಾಂಗ್ಪೋ ನದಿಯ ಬಳಿಯಲ್ಲಿ ಲಡಾಖಿನ ವರ್ತಕರ ಗುಂಪನ್ನು ಕೂಡಿಕೊಂಡನು. ಒಂದು ಕಡೆ ಜೊತೆಯವರು ದೋಣಿಯಲ್ಲಿ ಸುಖವಾಗಿ ಸಾಗಿದಾಗ, ಎಣಿಕೆ ತಪ್ಪಬಾರದೆಂದು ಈತನು ದಡದ ಮೇಲೆ ನಡೆದೇ ಹೋದನು.

೧೮೬೬ನೇ ಜನವರಿಯಲ್ಲಿ ಲ್ಹಾಸಾ ಪಟ್ಟಣವನ್ನು ಸೇರಿದನು. ಕೈಯಲ್ಲಿದ್ದ ಹಣ ತೀರಲು, ವರ್ತಕರಿಗೆ ಲೆಕ್ಕ ಕಲಿಸಿ ಹೊಟ್ಟೆ ಹೊರೆದನು. ಅಲ್ಲಿ ಅಪ್ಪಣೆಯಿಲ್ಲದೆ ಬಂದ ಚೀನದೇಶದವನೊಬ್ಬನ ಶಿರಚ್ಛೇದವನ್ನು ಕಣ್ಣಾರೆ ಕಂಡನು. ತನ್ನಿಂದ ಮುಚ್ಚಳಿಕೆ ಬರೆಯಿಸಿಕೊಂಡಿದ್ದ ಕೀರೊಂಗಿನ ಅಧಿಕಾರಿಯೂ ಒಂದು ದಿನ ಬೀದಿಯಲ್ಲಿ ಕಾಣಿಸಿಕೊಂಡನು. ಆ ಭಯದಿಂದ ಬಿಡಾರವನ್ನು ಬದಲಿಸಿ ಹೊರಗೆ ಬರುವುದನ್ನೇ ಕಡಿಮೆಮಾಡಿದನು. ಕಾಶ್ಮೀರ ಮೂಲದ ಇಬ್ಬರು ಮುಸಲ್ಮಾನ ವರ್ತಕರು ಗುಟ್ಟನ್ನು ಅರಿತರೂ ಬಯಲುಮಾಡದೆ, ಆತನ ಗಡಿಯಾರವನ್ನು ಅಡವಿಟ್ಟುಕೊಂಡು ಹಣ ಕೊಟ್ಟರು.

ಬಳಿಕ ನದಿಯ ಮೇಲ್ಗಡೆಗೆ ನಡೆಯುತ್ತಾ ಮಾನಸ ಸರೋವರದ ಮಾರ್ಗವಾಗಿ ಅದೇ ವರುಷದಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಎಣಿಸಿದ್ದು ಸುಮಾರು ೨೫ ಲಕ್ಷ ಹೆಜ್ಜೆ, ಅಂದರೆ ೧,೨೦೦ ಮೈಲು. ಲ್ಹಾಸಾ ಪಟ್ಟಣವು ಭೂಪಟದಲ್ಲಿ ತನ್ನ ಸರಿಯಾದ ಸ್ಥಾನವನ್ನು ಪಡೆದದ್ದು ಇದರಿಂದಲೇ. ಆತನು ದಡದಲ್ಲಿ ನಡೆದ ಆ ತ್ಸಾಂಗ್ಪೋ ನದಿಯೇ ಅಸ್ಸಾಮಿನ ಬ್ರಹ್ಮಪುತ್ರವೆಂದು ಮುಂದೆ ಸಿದ್ಧವಾಯಿತು. ೧೮೭೪-೭೫ರಲ್ಲಿ ಲೇಹದಿಂದ ಲ್ಹಾಸಾ ಮಾರ್ಗವಾಗಿ ಅಸ್ಸಾಮಿನ ವರೆಗೂ ನಡೆದನು. ಅಷ್ಟರಲ್ಲಿ ದೇಹವೂ ದೃಷ್ಟಿಯೂ ಕುಂದಿದ್ದವು. ಅನಂತರ ಇತರರಿಗೆ ಈ ವಿದ್ಯೆಯನ್ನು ಕಲಿಸಿದನು. ೧೮೭೭ರಲ್ಲಿ ಲಂಡನಿನ ಭೂಗೋಳ ಸಂಘವು ಆತನಿಗೆ ಚಿನ್ನದ ಪದಕವನ್ನು ಕೊಟ್ಟಿತು.

ಆತನ ವೇಷವನ್ನೂ ಮುರಿದ ಮಾತನ್ನೂ ನಾವು ಹೊಗಳಲಾರೆವು. ಆದರೆ ಒಂದನ್ನು ನೆನಸಿರಿ. ಆ ಬೆಟ್ಟಗಳಲ್ಲಿ ಆತನ ಲೆಕ್ಕವನ್ನು ಪರೀಕ್ಷಿಸುವವರು ಒಬ್ಬರೂ ಇರಲಿಲ್ಲ. ಚಳಿಯಲ್ಲಿ, ದಣಿವಿನಲ್ಲಿ ಸಾವಿರ ಹೆಜ್ಜೆಗಳನ್ನು ಅಂದಾಜಿನಿಂದ ಬರೆದಿದ್ದರೂ ಯಾರಿಗೆ ತಿಳಿಯುತ್ತಿತ್ತು? ಆದರೂ ಆತನು ದೋಣಿಯನ್ನು ಬಿಟ್ಟು ದಡದಲ್ಲಿ ನಡೆದನು. ಯಾರೂ ನೋಡದ ಹೊಲದಲ್ಲಿ, ಯಾರೂ ಕೇಳದ ಲೆಕ್ಕದಲ್ಲಿ ನಾವೂ ಹಾಗೆಯೇ ನಡೆಯುತ್ತಿದ್ದೇವೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ.